ಹಣೆ ಒರೆಸುವ ನೌಕರಿ

ಪರದೇಶದ ಗಿರಾಕಿಯೊಬ್ಬ ಹೋದ ತಿಂಗಳು ನಮ್ಮ ಕಾರ್ಖಾನೆಗೆ ಒಂದು ಫೋಟೊ ಕಳಿಸಿದ. ಹಾಲಿನಂಥ ಬಿಳಿ ಟವೆಲ್ಲು. ನಡುವೆ ಸಣ್ಣದೊಂದು ಕೆಂಪು ಚುಕ್ಕೆ. ಚುಕ್ಕೆಯ ಸುತ್ತ ಗೆರೆ, ಗೆರೆಗೊಂದು ಬಾಣ, ಬಾಣದ ಬುಡದಲ್ಲಿ ಒಂದು ಪ್ರಶ್ನೆ: ‘ಇದು ಯಾವ ಹುಳ?’

ಹುಳ ಅಲ್ಲಪ್ಪ, ಟಿಕಲಿ. ನಮ್ಮ ಪ್ಯಾಕಿಂಗ್ ವಿಭಾಗದ ಯಾವಳೋ ಪುಣ್ಯಾತ್ಗಿತ್ತಿಯ ಹಣೆಯಿಂದ ಜಾರಿ, ಟವೆಲ್ಲಿಗೆ ಅಂಟಿಕೊಂಡು, ಪಾಸ್‌ಪೋರ್ಟು ವೀಸಾ ಏನೂ ಇಲ್ಲದೆ ಸಮುದ್ರ ದಾಟಿದ ಟಿಕಲಿ.

ಅದರ ಬೆನ್ನಿಗೇ ಇನ್ನೊಂದು ಫೋಟೊ ಬಂತು. ಈ ಸಲ ಹಳದಿ ಬೆರಳಚ್ಚು. ಅದೂ ಏನೆಂದು ನಮಗೆ ಗೊತ್ತಾಯಿತು. ಭಂಡಾರ. ಬೀರೋಬನಿಗೂ ಮೈಲಾರನಿಗೂ ಹಾರಿಸುವ ಅರಿಶಿನ ಪುಡಿ.

(ಹೊಸ ಓದುಗರಿಗೆ ಒಂದು ಮಾತು. ವಾರಕ್ಕೊಮ್ಮೆ ಇಲ್ಲಿ ಬರೆಯುವುದು ನನ್ನ ಚಟ. ಹೊಟ್ಟೆಪಾಡಿಗೆ ನಾನು ಸೋಲಾಪುರದ ಪಕ್ಕದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಟವೆಲ್ ಕಾರ್ಖಾನೆಯಲ್ಲಿ ಎಚ್‌ಆರ್. ಅಂದರೆ ಮಾಲಕರು ಬೈಯಬೇಕಾದವರನ್ನು ಅವರ ಪರವಾಗಿ ನಯವಾಗಿ ಬೈಯುವವಳು.)

ಮಾಲಕರು ಮೀಟಿಂಗ್ ಕರೆದರು. ಬೆರಳಲ್ಲಿ ಹರಳಿನ ಉಂಗುರಗಳು, ಮುಂಗೈಗೆ ಕೆಂಪು ದಾರ, ಬೆನ್ನ ಹಿಂದೆ ಹಾರ ಹಾಕಿದ ದೇವರ ಫೋಟೊ, ಅದರ ಮುಂದೆ ಉರಿಯುವ ಊದಿನಕಡ್ಡಿ. ಆ ಹೊಗೆಯೊಳಗಿಂದಲೇ ಘೋಷಣೆ ಬಂತು.

“ಫ್ಯಾಕ್ಟರಿ ಒಳಗ ಧರ್ಮ ಇಲ್ಲ, ದೇವರಿಲ್ಲ. ಬರೇ ಕ್ವಾಲಿಟಿ. ನಾಳಿಂದ ಎಲ್ಲಾರ ಹಣಿ ಖಾಲಿ ಇರಬೇಕು. ಯಾರಿಗೂ ಸೂಟ ಇಲ್ಲ. ಮೇಡಂ, ಇದು ನಿಮ್ಮ ಜಿಮ್ಮೇದಾರಿ.”

ಸೂಟ ಅಂದರೆ ರಿಯಾಯಿತಿ. ಪಾಲಿಸಿಗೊಂದು ಹೆಸರೂ ಬಂತು: ‘ಕ್ಲೀನ್ ಫೇಸ್’. ಮರುದಿನದಿಂದ ಬೆಳಿಗ್ಗೆ ಗೇಟಿನಲ್ಲಿ ನಾನು ಮತ್ತು ವಾಚಮನ್ ಜಾಧವ ಕಾಕಾ ಒದ್ದೆ ಟಿಶ್ಯೂ ಹಿಡಿದು ನಿಂತೆವು. (ಟವೆಲ್ ಕಾರ್ಖಾನೆಯಲ್ಲಿ ಒರೆಸಲು ಕಾಗದ. ಟವೆಲ್ಲಿಗೆ ಕಲೆಯಾಗಬಾರದಲ್ಲ.)

ಜಾಧವ ಕಾಕಾ ಮನೆಯಲ್ಲಿ ಮರಾಠಿಯವರು. ಕಾರ್ಖಾನೆಯಲ್ಲಿ ಅವರು ಆಡುವ ಕನ್ನಡದ ಅರ್ಧ ಅವರೇ ಮಾಡಿಕೊಂಡದ್ದು. ಆದರೆ ಮಾಲಕರ ಮಾತು ಅಂದರೆ ಅವರಿಗೆ ಮಾತೇ. “ನಿಯಮ ಮ್ಹಣಜೆ ನಿಯಮ,” ಅನ್ನುತ್ತ ಟಿಶ್ಯೂ ಕೊಡುತ್ತಿದ್ದರು.

ಸಾಲಿನ ಮೊದಲಿಗಳು ಭಾಗವ್ವ. ಮಂದ್ರೂಪದಿಂದ ಬೆಳಗಿನ ಬಸ್ಸಿಗೆ ಬರುವವಳು. ಗಂಡ ಕುರಿ ಮೇಯಿಸುತ್ತಾನೆ. ಮಗಳನ್ನು ಸೋಲಾಪುರದ ಕಾಲೇಜಿಗೆ ಹಾಕಿದ್ದಾಳೆ. ಬೀರೋಬನ ಭಂಡಾರ ಹಚ್ಚದೆ ಬಾಯಿಗೆ ನೀರು ಬಿಡುವವಳಲ್ಲ. ಹಳದಿಯ ನಡುವೆ ಕಾಸಗಲ ಕುಂಕುಮ. ನಾನು ಕೊಟ್ಟ ಟಿಶ್ಯೂ ನೋಡಿದಳು. ನನ್ನನ್ನು ನೋಡಿದಳು.

“ನನ್ನ ಗಂಡ ಗಟ್ಟಿಮುಟ್ಟ ಅದಾನ್ರಿ ಮೇಡಂ. ಮುಂಜಾನಿ ನಾಕು ರೊಟ್ಟಿ ತಿಂದು ಕುರಿ ಹೊಡಕೊಂಡು ಹೋಗ್ಯಾನ.”

ಹಿಂದಿನ ಸಾಲು ನಕ್ಕಿತು. ನನಗೆ ನಗು ಬರಲಿಲ್ಲ. ಮುತ್ತೈದೆಯ ಹಣೆಯ ಕುಂಕುಮ ಒರೆಸುವುದೆಂದರೆ ನಮ್ಮ ಕಡೆ ಏನರ್ಥ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಒರೆಸಿಕೊಂಡಳು. ಆದರೆ ಕಣ್ಣು ಮುಚ್ಚಿ ಒರೆಸಿಕೊಂಡಳು.

ಇಲ್ಲಿ ನನ್ನ ತೊಡಕೊಂದನ್ನು ಹೇಳಬೇಕು. ನಾನು ಕುಂಕುಮ ಹಚ್ಚುವವಳಲ್ಲ. ಗಂಡ ಇದ್ದಾನೆ, ಅವನಿಗೂ ತಕರಾರಿಲ್ಲ. ದೇವರ ವಿಷಯದಲ್ಲಿ ನಾನು ಮತ್ತು ದೇವರು ಒಬ್ಬರನ್ನೊಬ್ಬರು ಕೆಣಕದೆ ಇದ್ದೇವೆ. ಆದರೆ ಪ್ಯಾಕಿಂಗ್ ವಿಭಾಗಕ್ಕೆ ನನ್ನ ಹಣೆ ಸಾರ್ವಜನಿಕ ಚರ್ಚೆಯ ವಸ್ತು. ‘ಮೇಡಂ, ಹಣಿ ಬೋಳ ಯಾಕ್ರಿ?’ ಎಂದು ಕೇಳದವರಿಲ್ಲ. ಸಂಕ್ರಾಂತಿಯ ಎಳ್ಳು ಹಂಚುವಾಗ ಇದೇ ಭಾಗವ್ವ ನಾನು ಬೇಡ ಅನ್ನುವುದರೊಳಗೆ ಹಣೆಗೆ ಕುಂಕುಮ ಒತ್ತಿಬಿಟ್ಟಿದ್ದಳು. ನಾನು ಬಾತ್‌ರೂಮಿಗೆ ಹೋಗಿ ತೊಳೆದುಕೊಂಡು, ಸಂಜೆಯತನಕ ಸಿಡಿಮಿಡಿ ಅಂದಿದ್ದೆ.

ಹಾಗಾಗಿ ಪಾಲಿಸಿ ಬಂದ ಕೂಡಲೇ ಕ್ಯಾಂಟೀನಿನಲ್ಲಿ ತೀರ್ಮಾನವಾಯಿತು: ‘ಆಕಿ ತಾ ಹಚ್ಚಂಗಿಲ್ಲ, ಅದಕ್ಕ ನಮ್ದೂ ಒರಸಾಕತ್ತಾಳ.’ ಮಾಲಕರು ಪಾರು. ಇಡೀ ಪಾಪ ನನ್ನ ಬೋಳು ಹಣೆಗೆ.

ಆ ವಾರದೊಳಗೇ ಟವೆಲ್ಲಿನ ಮೇಲೆ ಮತ್ತೆ ಹಳದಿ ಕಾಣಿಸಿತು. ಅದು ಭಾಗವ್ವನ ಟೇಬಲ್ಲಿನ ಮಾಲು. ಮರುದಿನ ಗೇಟಿನಲ್ಲಿ ಅವಳನ್ನು ಕೇಳಿದೆ.

“ಹಣಿ ಖಾಲಿ ಐತಿ, ನೋಡ್ರಿ,” ಅಂದಳು.

“ಮತ್ತ ಎಲ್ಲಿ ಹಚ್ಚೀ?”

“ಹೊಟ್ಟಿ ಮ್ಯಾಲ. ನೋಡತೀರೇನು?”

ಜಾಧವ ಕಾಕಾ ತಟ್ಟನೆ ಪುಣೆ ರಸ್ತೆಯ ಕಡೆ ತಿರುಗಿ ಲಾರಿಗಳನ್ನು ನೋಡತೊಡಗಿದರು. ನಾನು ಬೇಡ ಅಂದೆ.

“ಅಲ್ರಿ ಮೇಡಂ, ನೀವು ನೋಡಂಗಿಲ್ಲಂದ್ರ ಮತ್ಯಾರು ನೋಡತಾರ? ಮಾಲಕರೇನು?”

ಪಾಲಿಸಿ ಎಲ್ಲಿಗೆ ಬಂದು ನಿಂತಿದೆ ಎಂದು ನನಗೆ ಆಗ ಹೊಳೆಯಿತು. ಹಣೆಯಿಂದ ಹೊರಟ ತಪಾಸಣೆ ಎಲ್ಲಿ ಇಳಿಯಬೇಕು? ಹೊಟ್ಟೆಯಲ್ಲೇ? ಕಂಪನಿಯ ಹಕ್ಕು ಮನುಷ್ಯನ ಮೈಮೇಲೆ ಎಲ್ಲಿಗೆ ಮುಗಿಯುತ್ತದೆ ಅಂತ ನನ್ನ ಎಂಬಿಎಯಲ್ಲಿ ಯಾರೂ ಕಲಿಸಿರಲಿಲ್ಲ.

ಮಾಲಕರಿಗೆ ಹೇಳಿದೆ. ಅವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. “ಆಕಿನ್ನ ಕೆಲಸ ಬಿಡಸ್ರಿ,” ಅಂದರು. “ಸೋಮವಾರ ಹೊಸಾ ಮಷಿನ್ ಪೂಜಾ ಐತಿ. ಅದು ಮುಗದಕೂಡ್ಲೆ ಹೇಳಿಬಿಡ್ರಿ.”

ಭಾನುವಾರ ಅಕ್ಕಲಕೋಟೆಗೆ, ಅವ್ವನ ಮನೆಗೆ ಹೋದೆ. ಊಟ ಸೇರಲಿಲ್ಲ. ಅವ್ವ ಬಿಡದೆ ಕೇಳಿದಳು, ನಾನೂ ಎಲ್ಲ ಹೇಳಿದೆ. ಮರುಗುತ್ತಾಳೆ ಅಂದುಕೊಂಡರೆ ಸೆರಗು ಬಾಯಿಗಿಟ್ಟುಕೊಂಡು ನಗಾಡಿದಳು.

“ಒಂದು ಕಾಲದಾಗ ನಿನಗ ಕುಂಕುಮ ಹಚ್ಚಾಕ ನಾ ಹಿಂದ ಓಡತಿದ್ದೆ. ಈಗ ನೀ ಮಂದೀದು ಒರಸಾಕ ಹಿಂದ ಓಡಾಕತ್ತಿ. ಇಬ್ಬರದೂ ಒಂದ ಉದ್ಯೋಗ ಆತಲ್ಲವಾ.”

ನಾನು ಸಿಟ್ಟಾದೆ. ಸಿಟ್ಟಿಗೆ ಕಾರಣ, ಅವಳ ಮಾತು ಸರಿಯಿತ್ತು.

ಸೋಮವಾರ ಬಂತು. ಮಷಿನ್ ಮುಂದೆ ರಂಗೋಲಿ, ಬಾಗಿಲಿಗೆ ಮಾವಿನ ತೋರಣ. ಪೂಜೆಗೆ ಅಯ್ನೋರು ಬಂದರು. ಹಣೆ, ತೋಳು, ಎದೆ, ಎಲ್ಲ ಕಡೆ ಗಟ್ಟಿ ವಿಭೂತಿ. ಕೈಯಲ್ಲಿ ಅರಿಶಿನ, ಕುಂಕುಮ, ಕಾಯಿ, ಕರ್ಪೂರದ ಚೀಲ. ಗೇಟಿನಲ್ಲಿ ಹೆಂಗಸರ ಸಾಲಿನ ಪಕ್ಕದಿಂದ ಒಳಗೆ ಹೊರಟರು.

ಜಾಧವ ಕಾಕಾ ಅಡ್ಡ ಬಂದು ಟಿಶ್ಯೂ ಚಾಚಿದರು.

ಅಯ್ನೋರಿಗೆ ಮೊದಲು ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಅವರು ಸಿಟ್ಟಾಗಲಿಲ್ಲ, ದೊಡ್ಡ ಮನುಷ್ಯ.

“ತಮ್ಮಾ, ಹಣಿ ಒರಸಿದಿ ಅಂದ್ರ ಆಮ್ಯಾಲ ತೋಳು, ಎದಿ, ಬೆನ್ನು ಎಲ್ಲಾ ಒರಸಬೇಕಾಗತೈತಿ. ಅಷ್ಟು ಕಾಗದ ಐತೇನು ನಿನ್ನ ಹಂತೇಕ?”

ಕಾಕಾ ಪಾಕೀಟು ತೆರೆದು ಪ್ರಾಮಾಣಿಕವಾಗಿ ಇಣುಕಿ ನೋಡಿದರು. “ಇದರಾಗ ಥೋಡೆ ಅದಾವು. ಸ್ಟೋರಿನ್ಯಾಗಿಂದ ತರಸತೀನ್ರಿ.”

ಅಯ್ನೋರು ಹೋಗಿ ಬೇವಿನ ಗಿಡದ ನೆರಳಲ್ಲಿ ಕುಳಿತರು. ನಾನು ಮಾಲಕರಿಗೆ ಫೋನ್ ಮಾಡಿದೆ. (ನಾನೇ ಒಳಗೆ ಬಿಡಬಹುದಿತ್ತಲ್ಲ ಅನ್ನುತ್ತೀರಿ. ಬಿಡಬಹುದಿತ್ತು. ಯಾಕೋ ಅವತ್ತು ನನಗೂ ನಿಯಮದ ಮೇಲೆ ವಿಪರೀತ ಗೌರವ ಹುಟ್ಟಿತ್ತು.)

ಮಾಲಕರು ಆಫೀಸಿನಿಂದ ದುಡುದುಡು ಬಂದರು. ಹೊಸ ರೇಷ್ಮೆ ಶರ್ಟು. ಮನೆಯ ಪೂಜೆ ಮುಗಿಸಿಯೇ ಬಂದಿದ್ದರು ಅಂತ ಕಾಣುತ್ತದೆ, ಹಣೆಯ ತುಂಬ ವಿಭೂತಿ, ನಡುವೆ ಎದ್ದು ಕಾಣುವ ಕುಂಕುಮ. ಬೆಳಿಗ್ಗೆ ಕಾರಿನಲ್ಲೇ ಒಳಗೆ ಬಂದವರನ್ನು ಯಾರು ತಪಾಸಣೆ ಮಾಡುತ್ತಾರೆ?

“ಒಳಗ ಬಿಡೋ ಅವರನ್ನ.”

“ನೀವೇ ಅಂದೀರಲ್ರಿ ಸಾಹೇಬ. ಯಾರಿಗೂ ಸೂಟ ನಾಹೀ,” ಅಂದ ಕಾಕಾ, ಈಗ ಗೇಟಿನ ಹೊರಗೆ ಕಾಲಿಟ್ಟಿದ್ದ ಮಾಲಕರ ಹಣೆ ನೋಡಿ, ಬಹಳ ವಿನಯದಿಂದ, ಅವರಿಗೂ ಒಂದು ಟಿಶ್ಯೂ ಚಾಚಿದರು.

ಬೋಳು ಹಣೆಗಳ ಉದ್ದನೆಯ ಸಾಲು, ಎದುರಿಗೆ ತುಂಬಿದ ಹಣೆಯ ಮಾಲಕರು, ನಡುವೆ ಒದ್ದೆ ಕಾಗದ.

“ಇವತ್ತು ಪೂಜಾ ದಿನ,” ಅಂದರು ಮಾಲಕರು. “ಇವತ್ತಿಂದು ಬ್ಯಾರೆ.”

“ನಮ್ಮ ಮನ್ಯಾಗ ದಿನಾ ಪೂಜಾ ಇರತೈತ್ರಿ ಮಾಲಕರ,” ಅಂದಳು ಭಾಗವ್ವ. ಸಿಟ್ಟಿನಿಂದಲ್ಲ. ಗೊತ್ತಿರಲಿ ಅಂತ.

ಮಾಲಕರು ಹಣೆ ಮುಟ್ಟಿಕೊಂಡರು. ಅಯ್ನೋರು ಗಿಡದ ಬುಡದಿಂದಲೇ, “ಮುಹೂರ್ತ ಮೀರಾಕತ್ತೈತ್ರಿ,” ಎಂದು ಕೂಗಿದರು. ಆಗ ನಾನು ಬಾಯಿ ಬಿಟ್ಟೆ. ಹೇಗೂ ಹೆಂಗಸರು ತಲೆಗೆ ಟೋಪಿ ಹಾಕುತ್ತಾರೆ. ಟೋಪಿಯ ಕೆಳಗೆ ಹಣೆಗೊಂದು ಬಟ್ಟೆಯ ಪಟ್ಟಿ ಕಟ್ಟಿದರೆ ಪುಡಿಯೂ ಬೀಳುವುದಿಲ್ಲ, ಟಿಕಲಿಯೂ ಬೀಳುವುದಿಲ್ಲ. ಒಳಗೆ ಬಂದ ಮೇಲೆ ಕೈ ತೊಳೆದರಾಯಿತು. ಪಟ್ಟಿಯ ಅಡಿಗೆ ಏನು ಹಚ್ಚಿದ್ದಾರೆ ಅಂತ ನೋಡುವ ಕೆಲಸ ನಮಗಿಲ್ಲ.

“ಮತ್ತ ಭಾಗವ್ವ?” ಅಂದೆ. ಬಿಡಿಸಿರಿ ಅಂದಿದ್ದರಲ್ಲ.

“ಕೆಲಸಕ್ಕ ಹಚ್ರಿ ಎಲ್ಲಾರನ್ನೂ. ಮೊದಲ ಪೂಜಾ ಆಗಲಿ,” ಅಂದರು ಮಾಲಕರು.

ಹೀಗೆ ಕಾರ್ಖಾನೆಗೆ ಸಹನೆ ಬಂತು. ಸಂವಿಧಾನದಿಂದ ಅಲ್ಲ, ನನ್ನ ಎಂಬಿಎಯಿಂದಲೂ ಅಲ್ಲ. ಟಿಶ್ಯೂ ತಮ್ಮ ಹಣೆಯ ಹತ್ತಿರ ಬಂದಾಗ ಮಾತ್ರ ದೊಡ್ಡವರಿಗೆ ಅದರ ತಂಪು ಗೊತ್ತಾಗುತ್ತದೆ. ಅಲ್ಲಿಯತನಕ ಅದು ಪಾಲಿಸಿ.

ಈಗ ನಮ್ಮ ಪ್ಯಾಕಿಂಗ್ ವಿಭಾಗದಲ್ಲಿ ಎಲ್ಲರ ಹಣೆಗೂ ಟವೆಲ್ ಬಟ್ಟೆಯ ಬಿಳಿ ಪಟ್ಟಿ. ಟೆನಿಸ್ ಆಡಲು ಬಂದವರಂತೆ ಕಾಣುತ್ತಾರೆ. ಒಳಗೆ ಹೋದರೆ ನಾನೂ ಕಟ್ಟಿಕೊಳ್ಳಬೇಕು. ಪಟ್ಟಿಯ ಹಿಂದೆ ಯಾರದು ತುಂಬಿದ ಹಣೆ, ಯಾರದು ಖಾಲಿ, ಹೊರಗಿನವರಿಗೆ ತಿಳಿಯುವುದಿಲ್ಲ.

ಮೊನ್ನೆ ಊಟದ ಹೊತ್ತಿಗೆ ಭಾಗವ್ವ ಬಂದಳು. ಊರಲ್ಲಿ ಬೀರೋಬನಿಗೆ ಹೋಗಿಬಂದಿದ್ದಳಂತೆ. ಪುಟ್ಟ ಪೊಟ್ಟಣ ಬಿಚ್ಚಿ, ಹಳದಿಯಲ್ಲಿ ಬೆರಳು ಅದ್ದಿ, ನನ್ನ ಮುಖದ ಮುಂದೆ ತಂದು, ನಿಲ್ಲಿಸಿದಳು.

“ಹಚ್ಚಲೇನ್ರಿ ಮೇಡಂ? ಬ್ಯಾಡಂದ್ರ ಬ್ಯಾಡ.”

“ಬ್ಯಾಡ ಭಾಗವ್ವ,” ಅಂದೆ.

“ಹೂಂ,” ಅಂದು ಬೆರಳನ್ನು ತನ್ನ ಹಣೆಗೇ ಒರೆಸಿಕೊಂಡು, ಪಟ್ಟಿ ಎಳೆದುಕೊಂಡು, ಚಟ್ನಿ ಡಬ್ಬಿಯಿಂದ ಶೇಂಗಾ ಹಿಂಡಿ ತೆಗೆದು ನನ್ನ ರೊಟ್ಟಿಯ ಮೇಲೆ ಹಾಕಿದಳು. (ಅದಕ್ಕೆ ಕೇಳಲಿಲ್ಲ. ಅದಕ್ಕೆ ಯಾರೂ ಕೇಳುವುದಿಲ್ಲ.)

ನೀವೇ ಹೇಳಿ, ಇನ್ನೊಬ್ಬರ ಹಣೆ ಮುಟ್ಟುವ ಮುಂಚೆ ಒಂದು ಮಾತು ಕೇಳುವುದಕ್ಕೆ ಎಷ್ಟು ಹೊತ್ತು ಬೇಕು?