ಕೆರೆ ಏರಿಯ ಮೇಲಿನ ಕಂಬಳಿ

ಮೊನ್ನೆ ಕಂಬಳಿ ಮಾರುವವನೊಬ್ಬ ಬಾಗಿಲಿಗೆ ಬಂದಿದ್ದ. ಹೊಸ ಕಂಬಳಿ ಬಿಡಿಸಿ ಜಗುಲಿಯ ಮೇಲೆ ಹರಡಿದ. ಮೊದಲು ಉಣ್ಣೆಯ ಘಾಟು, ಅದರ ಹಿಂದೆಯೇ ನೂಲಿಗೆ ಹಾಕುವ ಹುಣಸೆಬೀಜದ ಗಂಜಿಯ ವಾಸನೆ. ಸೊಸೆ ಸೆರಗು ಮೂಗಿಗೆ ಹಿಡಿದು ಒಳಗೆ ಹೋದಳು. ನಾನು ಅಲ್ಲೇ ಕೂತುಬಿಟ್ಟೆ. ಬೇಕೋ ಬೇಡವೋ ಎಂದು ಅವನು ಎರಡು ಸಲ ಕೇಳಿದನಂತೆ, ನನಗೆ ಕೇಳಿಸಲೇ ಇಲ್ಲ. ಪಕ್ಕದ ಮನೆ ಅತ್ತೆ ಕಣ್ಣೆದುರು ನಿಂತುಬಿಟ್ಟಿದ್ದಳು...

ಅತ್ತೆ ಅಂದರೆ ಬಳಗದವಳಲ್ಲ. ಸಿರಾ ಸೀಮೆಯ ನಮ್ಮೂರಲ್ಲಿ ನಮ್ಮದು ಲಿಂಗವಂತರ ಅಂಗಡಿ ಮನೆ, ಗೋಡೆಯಾಚೆ ಕುರಿ ಸಾಕುವ ಗಂಡಹೆಂಡಿರು. ಮಕ್ಕಳಿರಲಿಲ್ಲ. ಗಂಡನನ್ನು ಮಾವ ಅನ್ನುತ್ತಿದ್ದೆವು. ಅವನು ವರ್ಷದಲ್ಲಿ ಎಂಟು ತಿಂಗಳು ಬುಕ್ಕಾಪಟ್ಟಣದ ಕಡೆ ಗುಡ್ಡಗಳಲ್ಲಿ ಮಂದೆಯ ಜೊತೆ ಇರುತ್ತಿದ್ದ. ಅತ್ತೆ ಮನೆಯಲ್ಲಿ ಉಣ್ಣೆ ನೂಲುತ್ತಿದ್ದಳು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಅತ್ತೆಗೆ ಬಾಯೇ ಇರಲಿಲ್ಲ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ಆದರೆ ಕಂಬಳಿಯಲ್ಲಿ ಮಾತಾಡುವುದನ್ನು ನನಗೆ ಕಲಿಸಿದವಳು ಅವಳೇ. ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಕೂಗಿದರೆ ಗಾಳಿ ನುಂಗಿಬಿಡುತ್ತದೆ, ಅದಕ್ಕೆ ಕುರಿ ಕಾಯುವವರು ಕಂಬಳಿ ಬೀಸುತ್ತಾರೆ. ಮೇಲೆತ್ತಿ ಮೂರು ಸಲ ಬೀಸಿದರೆ ಎಲ್ಲ ಕ್ಷೇಮ. ನೆಲಕ್ಕೆ ಹಾಸಿದರೆ ಕಷ್ಟ ಬಂದಿದೆ, ಬೇಗ ಬನ್ನಿ. ನಾನು ಅಪ್ಪನ ಧೋತ್ರ ತಂದು ಹಿತ್ತಲಲ್ಲಿ ಬೀಸುತ್ತಿದ್ದೆ. "ಇವಳ್ನ ಕುರಿ ಕಾಯೋನ್ಗೇ ಕೊಟ್ಟು ಮದ್ವೆ ಮಾಡ್ಬುಡಾನ," ಎಂದು ಅಮ್ಮ ಛೇಡಿಸುತ್ತಿದ್ದಳು.

ನನಗೆ ಒಂಬತ್ತು ತುಂಬಿದ ವರ್ಷ ಊರಲ್ಲಿ ಇಲಿ ಸತ್ತು ಬಿದ್ದವು. ಪ್ಲೇಗು ಅಂದರೆ ಆಗ ಯಾರೂ ಎರಡನೇ ಮಾತಾಡುತ್ತಿರಲಿಲ್ಲ. ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೆರೆಯ ಆಚೆ ದಡದ ಹೊಲಗಳಲ್ಲಿ ಗುಡಿಸಲು ಹಾಕಿತು. ನಮ್ಮಜ್ಜಿ ಮಾತ್ರ ಮನೆ ಬಿಡಲಿಲ್ಲ. ಅವಳಿಗೆ ಕಂಕುಳಲ್ಲಿ ಗೆಡ್ಡೆ ಎದ್ದಾಗಿತ್ತು. ಸೆರಗು ಹೊದೆಯಲು ಕೈ ಎತ್ತಲಾಗದೆ ಒದ್ದಾಡಿದ್ದನ್ನು ನಾನೇ ನೋಡಿದ್ದೆ.

ರೋಗಿಯ ಹತ್ತಿರ ಹೋದವರು ಹತ್ತು ದಿನ ಗುಡಿಸಲ ಕಡೆ ಬರುವಂತಿಲ್ಲ ಎಂದು ಹಿರಿಯರು ಕಟ್ಟು ಮಾಡಿದ್ದರು. ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ಅಮ್ಮನ ಮಡಿಲಲ್ಲಿ ಮೊಲೆಯುಣ್ಣುವ ತಮ್ಮ. ಅಮ್ಮ ಅಳುತ್ತ ಕೂತಿದ್ದಾಗ ಅತ್ತೆ ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದಳು. "ನಂಗೇನು ಹಿಂದಿಲ್ಲ ಮುಂದಿಲ್ಲ. ನಾನ್ ಹೋಗ್ತೀನಿ ಬುಡು," ಅಂದಳು. ದಿನಾ ಬೆಳಿಗ್ಗೆ ಏರಿಯ ಮೇಲೆ ಬಂದು ಕಂಬಳಿ ತೋರಿಸುತ್ತೇನೆ, ನೀನು ನೋಡಿ ಹೇಳು ಎಂದು ನನಗೆ ಒಪ್ಪಿಸಿದಳು. ಅಮ್ಮ ಅವಳ ಎರಡೂ ಕೈ ಹಿಡಿದುಕೊಂಡು, "ನೀನು ಕಂಬಳಿ ಹಾಸಿದ್ರೆ ಮಗೀನ್ ಬುಟ್ಟಾದ್ರೂ ನಾನೇ ಬತ್ತೀನಿ ಕಣಕ್ಕ," ಅಂದಳು.

ಮೂರನೇ ದಿನ ಅಜ್ಜಿ ಹೋದಳು. ಗಂಡಸರು ಬಂದು ಗುಂಡಿ ತೋಡಿಕೊಟ್ಟು ದೂರದಿಂದಲೇ ಹಿಂದಿರುಗಿದರು, ಮಣ್ಣು ಮಾಡಿದವಳು ಅತ್ತೆಯೇ. ಅತ್ತೆ ಉಳಿದ ದಿನ ಕಳೆಯಲು ಖಾಲಿ ಊರಲ್ಲಿ ಒಬ್ಬಳೇ ಉಳಿದಳು. ದಿನಾ ಬೆಳಿಗ್ಗೆ ನೀರಿನಾಚೆ ಕಂಬಳಿ ಮೂರು ಸಲ ಬೀಸುತ್ತಿತ್ತು. ನಾನು ಓಡಿ ಬಂದು ಅಮ್ಮನಿಗೆ ಹೇಳುತ್ತಿದ್ದೆ. ಆ ಕಡೆ ಹೋಗುವ ಕುರಿಗಾಹಿಗಳ ಬಾಯಲ್ಲಿ ಗುಡ್ಡದಲ್ಲಿದ್ದ ಮಾವನಿಗೂ ಅದೇ ಸುದ್ದಿ ಹೋಗುತ್ತಿತ್ತು.

ಏಳನೇ ಬೆಳಿಗ್ಗೆಯೂ ಕಂಬಳಿ ಮೂರು ಸಲವೇ ಬೀಸಿತು. ಆದರೆ ದಿನಾ ತೂಬಿನ ಕಡೆ ಬೀಸುತ್ತಿದ್ದದ್ದು ಅವತ್ತು ಕೋಡಿಯ ಕಡೆ ಬೀಸಿತು. ಎಡಗೈ. ನೂಲುವುದಕ್ಕೆ, ಮುದ್ದೆ ತಿರುವುವುದಕ್ಕೆ, ನನ್ನ ಬೆನ್ನಿಗೆ ಗುದ್ದುವುದಕ್ಕೆ ಕೂಡ ಬಲಗೈಯನ್ನೇ ಎತ್ತುತ್ತಿದ್ದವಳು. ಅವತ್ತು ಬಲಗೈ ಮೈಗೆ ಅಂಟಿಕೊಂಡೇ ಇತ್ತು. ಮೂರನೇ ಸಲಕ್ಕೆ ಕಂಬಳಿ ಅರ್ಧಕ್ಕೇ ಇಳಿಯಿತು.

ನನಗೆ ಅರ್ಥವಾಗಿತ್ತು. ಮಗುವಾಗಿದ್ದೆ, ತಿಳಿಯಲಿಲ್ಲ ಎಂದು ಹೇಳಿಕೊಳ್ಳಬಹುದು, ಆದರೆ ಅದು ಸುಳ್ಳು. ಹೇಳಿದರೆ ಅಮ್ಮ ಹೋಗುತ್ತಾಳೆ, ಹೋದರೆ ಅಜ್ಜಿಯ ಹಾಗೇ ಆಗುತ್ತಾಳೆ... ಇಷ್ಟೇ ತಲೆಯಲ್ಲಿದ್ದದ್ದು.

"ಹೆಂಗವ್ಳೆ?" ಅಂದಳು ಅಮ್ಮ.

"ಚೆನ್ನಾಗವ್ಳೆ."

ಅಮ್ಮ ನನ್ನ ಮುಖವನ್ನೇ ನೋಡಿದಳು. ದಿನಾ ಅಷ್ಟು ಹೊತ್ತು ನೋಡುತ್ತಿರಲಿಲ್ಲ. ಆಮೇಲೆ ತಮ್ಮನನ್ನು ಎದೆಗೆ ಅವಚಿಕೊಂಡು ಒಲೆಯ ಕಡೆ ತಿರುಗಿದಳು. ಅವಳು ನನ್ನ ಮುಖದಲ್ಲಿ ಏನು ಕಂಡಳೋ ನಾನು ಕೇಳಲಿಲ್ಲ, ಅವಳು ಸಾಯುವವರೆಗೂ ಕೇಳಲಿಲ್ಲ.

ಎಂಟನೇ ದಿನ ಏರಿಯ ಮೇಲೆ ಯಾರೂ ಬರಲಿಲ್ಲ. ಒಂಬತ್ತನೇ ದಿನವೂ ಬರದಿದ್ದಾಗ ಗಂಡಸರು ಹೋದರು. ಹೊಸ್ತಿಲ ಹತ್ತಿರ ಬಿದ್ದಿದ್ದಳಂತೆ, ಪಕ್ಕದಲ್ಲಿ ಗಡಿಗೆ ಉರುಳಿಕೊಂಡಿತ್ತಂತೆ. ಒಳಗೆ ಒಂದು ಹನಿ ನೀರಿರಲಿಲ್ಲ. ಪ್ಲೇಗಿಗೆ ಮದ್ದಿರಲಿಲ್ಲ, ಒಪ್ಪುತ್ತೇನೆ. ನೀರು ಕೊಡುವುದಕ್ಕೆ ಮದ್ದು ಬೇಕಿರಲಿಲ್ಲ.

ಮಾವ ಬಂದದ್ದು ಎಲ್ಲ ಮುಗಿದ ಮೇಲೆ. ಅಳಲಿಲ್ಲ. ನೇರ ನನ್ನ ಹತ್ತಿರ ಬಂದು ತನ್ನ ಕಂಬಳಿ ಕೈಗೆ ಕೊಟ್ಟ. "ಕಡೇ ದಿನ ಹೆಂಗ್ ಬೀಸಿದ್ಲು, ಒಂದ್ಸಲ ತೋರ್ಸವ್ವ," ಅಂದ. ಅಮ್ಮ ಅಲ್ಲೇ ನಿಂತಿದ್ದಳು. ನನ್ನ ಅಳತೆಗೆ ಮೀರಿದ ಕಂಬಳಿ. ಬಲಗೈಯಲ್ಲಿ ಎತ್ತಿದೆ. ಮೂರು ಸಲವೂ ಪೂರ್ತಿ ಬೀಸಿದೆ.

ಅವನು ಕಣ್ಣು ಮಿಟುಕಿಸದೆ ನೋಡಿದ. "ಅಂಗಾದ್ರೆ ಗಟ್ಟಿಯಾಗೇ ಇದ್ಲು. ಒಂದೇ ಏಟ್ಗೆ ಹೋಗವ್ಳೆ, ನರಳ್ಲಿಲ್ಲ ಬುಡು," ಅಂದ. ನನ್ನ ತಲೆ ಸವರಿ ಕಂಬಳಿ ತೆಗೆದುಕೊಂಡು ಗುಡ್ಡದ ದಾರಿ ಹಿಡಿದ. ಆ ಸಮಾಧಾನದಲ್ಲೇ ಅವನು ಇನ್ನೂ ಇಪ್ಪತ್ತು ವರ್ಷ ಬದುಕಿದ.

ಪುಣ್ಯದ ಸುಳ್ಳು ಎಂದು ಯಾರಾದರೂ ಅಂದಾರು. ಅವನಿಗೋಸ್ಕರ ನಾನದನ್ನು ಆಡಲಿಲ್ಲ, ನನಗೋಸ್ಕರ ಆಡಿದೆ. ಈಗ ಅತ್ತೆ ಇಲ್ಲ, ಮಾವ ಇಲ್ಲ, ಅಮ್ಮ ಹೋಗಿಯೂ ನಾಲ್ಕು ವರ್ಷವಾಯಿತು. ಹೇಳಬೇಕಾದವರು ಒಬ್ಬರೂ ಉಳಿದಿಲ್ಲ. ಆದರೂ ಇಲ್ಲಿ ಬರೆದಿಡುತ್ತೇನೆ.

ಮಾವ, ಅವಳು ಎಡಗೈಯಲ್ಲಿ ಬೀಸಿದಳು. ನಾನು ನೋಡಿದ್ದೆ.