ಗುರುವಾರದ ಒಂಬತ್ತು ಕೂಸುಗಳು

ಗಜೇಂದ್ರಗಡದ ನೇಕಾರ ಕಾಶೀಂಸಾಬರ ಮಗಳು ಮೆಹನಾಜ ಹುಬ್ಬಳ್ಳಿಯ ಖಾಸಗಿ ಕಾಲೇಜಿನಲ್ಲಿ ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿದವಳು. ಕಾಲೇಜಿಗೆ ಅಂಟಿಕೊಂಡೇ ಆರು ಮಹಡಿಯ ಆಸ್ಪತ್ರೆ. ವೆಂಟಿಲೇಟರು ನಡೆಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಹಳ್ಳಿಯ ಆರೋಗ್ಯ ಕಲಿಯಲೆಂದು ಮಾತ್ರ ಒಂದೇ ತಿಂಗಳು ಬಸ್ಸಿನಲ್ಲಿ ಕರೆದೊಯ್ದಿದ್ದರು. ಓಣಿಯಲ್ಲಿ ಚಾರ್ಟು ಹಿಡಿದು ಫೋಟೊ ತೆಗೆಸಿಕೊಂಡು ಬಂದಿದ್ದಳು. ಲಸಿಕೆಯ ಡಬ್ಬಿಯನ್ನು ನೋಡಿದ್ದು ಗಾಜಿನ ಕಪಾಟಿನಲ್ಲಿ.

ಈಗ ಸೂಡಿ ಹಾದಿಯ ಹಳ್ಳಿಯೊಂದರ ಆರೋಗ್ಯ ಉಪಕೇಂದ್ರಕ್ಕೆ ಅವಳೇ ಅಧಿಕಾರಿ. ಅಲ್ಲಿ ಇಪ್ಪತ್ತೆಂಟು ವರ್ಷದಿಂದ ಮಕ್ಕಳಿಗೆ ಸೂಜಿ ಹಾಕುತ್ತಿದ್ದ ನರ್ಸ್ ರಮಾಬಾಯಿ ಎಸ್ಸೆಸ್ಸೆಲ್ಸಿ ಮುಗಿಸಿ ಸರಕಾರಿ ತರಬೇತಿ ಶಾಲೆಯಲ್ಲಿ ಹದಿನೆಂಟು ತಿಂಗಳು ಕಲಿತವಳು. ಕಲಿಕೆಯೆಂದರೆ ಹೆಗಲಿಗೆ ಡಬ್ಬಿ ಹಾಕಿಕೊಂಡು ಹಿರಿಯ ನರ್ಸಿನ ಹಿಂದೆ ಊರೂರು ಸುತ್ತಿದ್ದು.

"ನಿಮ್ದು ಲಿಫ್ಟ್ ಇರೋ ಸಾಲಿ, ತಂಗಿ. ನಮ್ದು ಚಪ್ಪಲಿ ಸವೆಯೋ ಸಾಲಿ," ಎಂದು ಚುಡಾಯಿಸುತ್ತಿದ್ದಳು.

ಮೊಮ್ಮಗನ ತೊಟ್ಟಿಲಿಗೆಂದು ರಮಾಬಾಯಿ ನರಗುಂದಕ್ಕೆ ಹೋದ ವಾರ, ಗುರುವಾರದ ಲಸಿಕೆ ತರಲು ಮೆಹನಾಜಳೇ ಸ್ಕೂಟಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಳು. ಬಿಸಿಲಿಗೆ ಔಷಧ ಕೆಟ್ಟೀತೆಂಬ ಭಯ ಅವಳಿಗೆ. ಫ್ರೀಜರಿನಲ್ಲಿ ಕಲ್ಲಾಗಿದ್ದ ಐಸ್ ಪ್ಯಾಕುಗಳನ್ನು ತೆಗೆದವಳೇ ಡಬ್ಬಿಗಿಳಿಸಿ, ನಡುವೆ ಸೀಸೆಗಳನ್ನಿಟ್ಟು, ಲಗೂ ಮುಚ್ಚಳ ಬಿಗಿದಳು. ಆ ದಿನ ಒಂಬತ್ತು ಕೂಸುಗಳಿಗೆ ಹಾಕಿದಳು. ಒಂದೂ ಬಹಳ ಅಳಲಿಲ್ಲವೆಂದು ಖುಷಿಪಟ್ಟಳು.

ಮರುದಿನ ಬಂದ ರಮಾಬಾಯಿ ಸಹಜವಾಗಿ ಕೇಳಿದಳು, "ಐಸ್ ಬೆವರೂತನಕ ಹೊರಗಿಟ್ಟಿದ್ದಿ ಹೌದಿಲ್ಲ?"

"ಯಾಕ್ರಿ ಅಕ್ಕಾರ? ತಂಪಿದ್ದಷ್ಟೂ ಚಲೋ ಅಲ್ರಿ?"

ರಮಾಬಾಯಿ ಡಬ್ಬಿಯಲ್ಲಿ ಉಳಿದಿದ್ದ ಸೀಸೆಯನ್ನು ಅಲ್ಲಾಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಒಡೆದ ಹಾಲಿನಂತೆ ಕಣಕಣವಾಗಿ ಔಷಧ ತಳಕ್ಕಿಳಿಯಿತು.

"ಹೆಪ್ಪುಗಟ್ಟಿ ಸತ್ತೈತಿ ಇದು. ಐಸಿನೊಳಗ ನೀರಿನ ಸಪ್ಪಳ ಬಂದ ಮ್ಯಾಲನ ಡಬ್ಬಿಗೆ ಹಾಕಬೇಕು. ಕೂಸುಗಳಿಗೆ ಹೋಗಿದ್ದು ಬರೇ ನೋವು."

ಲಸಿಕೆಯ ತಂಪು ಎರಡರಿಂದ ಎಂಟು ಡಿಗ್ರಿ ಎಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದಿದ್ದವಳು ರಿಜಿಸ್ಟರು ತೆರೆದು ಒಂಬತ್ತು ಹೆಸರುಗಳ ಮೇಲೆ ಬೆರಳಾಡಿಸಿದಳು.

"ಮತ್ತೊಮ್ಮೆ ಹಾಕಾಕ ಬೇಕು," ಎಂದಳು ರಮಾಬಾಯಿ. "ಖರೇ ಹೇಳಿದ್ರ ನಿನ್ನ ಕೈಯಾಗ ಯಾರೂ ಕೂಸು ಕೊಡೂದಿಲ್ಲ. ಮ್ಯಾಲಿಂದ ಹೊಸಾ ಆದೇಶ ಬಂದೈತಿ ಅಂತ ನಾ ಹೇಳ್ತೀನಿ, ನೀ ಸುಮ್ನಿರು."

ಮೆಹನಾಜಳಿಗೆ ಸುಮ್ಮನಿರಲು ಆಗಲಿಲ್ಲ. ಹಾಲು ಕುಡಿಯುವ ಕೂಸಿನ ತಾಯಿಗೆ ಸುಳ್ಳು ಹೇಳಿ ರಾತ್ರಿ ಹ್ಯಾಂಗ ಮಲಗುವುದು? ಮೊದಲು ಆ ಒಂಬತ್ತರಲ್ಲಿ ಒಂದು ಕೂಸಿನ ತಾಯಿ ಹಸೀನಾಳ ಮನೆಗೆ ಹೋದಳು. ಹತ್ತು ವಾರದ ಕೂಸು ತಾಯಿಯ ತೊಡೆಯ ಮೇಲಿತ್ತು. ಸೂಜಿ ಚುಚ್ಚಿದಲ್ಲಿ ಇನ್ನೂ ಸಣ್ಣ ಗಂಟು. ಮೆಹನಾಜ ನಡೆದದ್ದನ್ನೆಲ್ಲ ಹೇಳಿದಳು. ಹಸೀನಾ ದನಿ ಏರಿಸಲಿಲ್ಲ.

"ನಾಕು ವರ್ಷ ಕಲತೀರಂತ, ಆಪಾ. ಉಳದದ್ದು ನನ್ನ ಕೂಸಿನ ಮ್ಯಾಲ ಕಲತ್ರೇನ್ರಿ?"

ಅಷ್ಟೆಂದು ಗಂಟಿನ ಮೇಲೆ ಸೆರಗೆಳೆದಳು.

ಸಂಜೆಯೊಳಗೆ ಮಾತು ಹೊಸ್ತಿಲು ದಾಟಿ ಊರೆಲ್ಲ ಆಯಿತು. ಸಮಾಧಾನ ಹೇಳಲು ಹೋದ ರಮಾಬಾಯಿಗೂ ಹೆಂಗಸರು, "ನಿಮ್ಮ ಡಬ್ಬಿನೂ ಅದನ ಅಲ್ರಿ," ಎಂದರು. ಇಪ್ಪತ್ತೆಂಟು ವರ್ಷದಲ್ಲಿ ಅವಳಿಗೆ ಯಾರೂ ಹಾಗೆ ಅಂದಿರಲಿಲ್ಲ. ಒಂಬತ್ತರಲ್ಲಿ ಎರಡು ಕೂಸುಗಳನ್ನು ರೋಣದ ಆಸ್ಪತ್ರೆಗೆ ಒಯ್ದು ಮತ್ತೆ ಹಾಕಿಸಿದರಂತೆ. ಉಳಿದ ಏಳಕ್ಕೆ ಮತ್ತೆ ಸೂಜಿ ಬೀಳಲೇ ಇಲ್ಲ.

ಮುಂದಿನ ಗುರುವಾರ ಒಬ್ಬರೂ ಬರಲಿಲ್ಲ. ನಾಲ್ಕು ಗಂಟೆಯವರೆಗೆ ಕಾದು ಇಬ್ಬರೂ ಉಡಚವ್ವನ ಮನೆಗೆ ನಡೆದರು. ಅವಳ ಮೊಮ್ಮಗಳಿಗೆ ಆರು ವಾರ ತುಂಬಿತ್ತು, ಹುಟ್ಟಿದಾಗಿನದು ಬಿಟ್ಟರೆ ಮೊದಲ ಸೂಜಿ. ಬಾಗಿಲು ಮುಚ್ಚಿತ್ತು. ರಮಾಬಾಯಿ ಚಿಲಕ ಬಡಿದಳು.

"ಮನ್ಯಾಗ ಯಾರೂ ಇಲ್ರಿ," ಎಂದಳು ಉಡಚವ್ವ, ಒಳಗಿನಿಂದಲೇ.

ಅದರ ಹಿಂದೆಯೇ ಕೂಸಿನ ಅಳು ಕೇಳಿತು. ತಾಯಿ ಮೊಲೆ ಕೊಟ್ಟಿರಬೇಕು, ನಿಂತಿತು.

"ನಡಿ ತಂಗಿ," ಎಂದು ರಮಾಬಾಯಿ ಕಟ್ಟೆ ಇಳಿದಳು. ಮೆಹನಾಜ ಬಾಗಿಲಿಗೆ ಮುಖ ಮಾಡಿ ನಿಂತೇ ಇದ್ದಳು.