ಖಾಡಿಯಾಚೆ ಬಿಟ್ಟ ಇಲಿಗಳು

ನಾನು ಇಲಿ ಕೊಂದವನಲ್ಲ. ಸೂರತ್‌ನಲ್ಲಿ ಹೋಟೆಲು ನಡೆಸಿದಷ್ಟು ಕಾಲವೂ ಒಂದನ್ನೂ ಕೊಲ್ಲಲಿಲ್ಲ. ಇದನ್ನು ನೆಂಟರಿಷ್ಟರ ಮುಂದೆ ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು. ಈಗ ಆ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳುತ್ತೇನೆ.

ಕುಂದಾಪುರದ ಕಡೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಗುಜರಾತಿಗೆ ಹೋದವನು ನಾನು. ಮೊದಲು ವಡೋದರಾದಲ್ಲಿ ನೆಂಟರ ಹೋಟೆಲಿನಲ್ಲಿ ದೋಸೆ ಹುಯ್ದೆ, ಆಮೇಲೆ ಸೂರತ್‌ನಲ್ಲಿ ಸ್ವಂತದ್ದು ಹಾಕಿದೆ. ನಾನು ಹೇಳುವುದು ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಕಟ್ಟಡದ ಮಾಲೀಕರು ಜೈನ ಶೇಠ್, ಮಹಡಿಯ ಮೇಲೆಯೇ ಮನೆ. ಕಟ್ಟಡದೊಳಗೆ ಯಾವ ಜೀವವನ್ನೂ ಕೊಲ್ಲಕೂಡದು ಎಂಬುದು ಅವರ ಷರತ್ತು. “ಇಲಿ ಬಂದರೆ ಹಿಡಿಯಿರಿ, ದೂರ ಬಿಟ್ಟು ಬನ್ನಿ. ವಿಷ ಮಾತ್ರ ಬೇಡ” ಎಂದಿದ್ದರು.

ಅಕ್ಕಿ, ಉದ್ದು, ಕೊಬ್ಬರಿ ಇರುವಲ್ಲಿಗೆ ಇಲಿ ಬಾರದೆ ಇರುತ್ತದೆಯೇ? ಉಗ್ರಾಣದಲ್ಲಿ ಬೋನು ಇಟ್ಟು, ತುಪ್ಪ ಸವರಿದ ದೋಸೆಯ ಚೂರು ಸಿಕ್ಕಿಸುತ್ತಿದ್ದೆ. ಬೆಳಿಗ್ಗೆ ಹಾಲಿನ ಕ್ಯಾನಿನ ಜೊತೆ ಬೋನನ್ನೂ ಸ್ಕೂಟರಿನ ಮೇಲಿಟ್ಟು, ಗೋಣಿ ಮುಚ್ಚಿ ಹೊರಡುತ್ತಿದ್ದೆ. ಸೂರತ್ ಪ್ಲೇಗು ಕಂಡ ಊರು. ಹೋಟೆಲಿನಲ್ಲಿ ಇಲಿ ಇದೆಯೆಂದು ಒಬ್ಬ ಬಾಯಿ ಬಿಟ್ಟರೆ ಮರುದಿನದಿಂದ ಕಾಫಿಗೂ ಯಾರೂ ಬರುತ್ತಿರಲಿಲ್ಲ.

ಊರಿನ ಕೊಳೆನೀರು ಹರಿಯುವ ತೊರೆಗೆ ಅಲ್ಲಿ ಖಾಡಿ ಎನ್ನುತ್ತಾರೆ. ನಮಗೆ ಹಾಲು ಕೊಡುವವನ ಎಮ್ಮೆ ಕೊಟ್ಟಿಗೆ ಅದರಾಚೆ ಇತ್ತು. ಹಾಲಿಗೆಂದು ಹೇಗೂ ಅತ್ತ ಹೋಗಬೇಕಿತ್ತು. ಕೊಟ್ಟಿಗೆಯ ಹಿಂದೆ ಹತ್ತಿಕಾಳಿನ ಹಿಂಡಿಯ ಮೂಟೆಗಳು ಒಟ್ಟಿರುತ್ತಿದ್ದವು. ಅವುಗಳ ಸಂದಿನಲ್ಲಿ ಬೋನಿನ ಬಾಗಿಲು ತೆರೆದು, ಇಲಿ ಓಡಿದ ಮೇಲೆ ಮುಂಬಾಗಿಲಿಗೆ ಬಂದು ಹಾಲು ಅಳೆಸಿಕೊಳ್ಳುತ್ತಿದ್ದೆ. ಪಾಪದ ಪ್ರಾಣಿಗೆ ಅಲ್ಲಿ ಹೊಟ್ಟೆಗೆ ಸಿಗುತ್ತದೆ ಎಂದು ಮನಸ್ಸಿಗೆ ಸಮಾಧಾನವೂ ಆಗುತ್ತಿತ್ತು. ಹಾಗೆ ಬೇರೆಯವರ ಹಿಂಡಿಯಲ್ಲಿ ನಾನು ಪುಣ್ಯ ಕಟ್ಟಿಕೊಂಡೆ.

ಹಾಲಿನವನು ಬಾಯಿತುಂಬ ಮಾತಾಡುವ ಮನುಷ್ಯ. ದಕ್ಷಿಣದವರನ್ನೆಲ್ಲ ಅಲ್ಲಿಯವರು ಅಣ್ಣ ಎನ್ನುತ್ತಾರೆ. ಇವನು ಮಾತ್ರ ಒಡಹುಟ್ಟಿದವನ ಹಾಗೆ ಕರೆಯುತ್ತಿದ್ದ. ಆ ಮಳೆಗಾಲ ಅವನ ಗಬ್ಬದ ಎಮ್ಮೆ ದಿನ ತುಂಬುವ ಮೊದಲೇ ಸತ್ತ ಕರು ಹಾಕಿತು. ಅದರ ಹಿಂದೆಯೇ ಇನ್ನೊಂದಕ್ಕೂ ಹಾಗೆಯೇ ಆಯಿತು. ನಾನು ಹಾಲಿಗೆ ಹೋದಾಗ ದನದ ಡಾಕ್ಟರು ರಕ್ತ ತೆಗೆಯುತ್ತಿದ್ದರು.

“ಗಬ್ಬ ಹೋಗೋಕೆ ಕಾರಣ ಬೇಕಾದಷ್ಟಿವೆ. ಪರೀಕ್ಷೆಗೆ ಕಳಿಸ್ತೀನಿ, ನೋಡೋಣ” ಎಂದರು ಡಾಕ್ಟರು. “ಇಲಿ ಉಚ್ಚೆಯಿಂದಲೂ ಹೀಗಾಗುತ್ತೆ. ಈಚೆಗೆ ಇಲಿ ಜಾಸ್ತಿ ಆಗಿವೆಯಾ?”

“ಏನ್ ಕೇಳ್ತೀರಿ ಸಾಹೇಬ್! ಹಾಡಹಗಲೇ ನನ್ನೆದುರು ಕೂತು ಮೀಸೆ ತಿರುವುತ್ತವೆ. ಒಂದೊಂದೂ ಹೋಟೆಲ್ ಊಟ ಉಂಡು ಬೆಳೆದ ಹಾಗಿದೆ.” ಹಾಲಿನವನು ನನ್ನತ್ತ ತಿರುಗಿ ನಕ್ಕ. “ಏನಣ್ಣಾ, ನಿಮ್ಮವೇನಾ?”

“ನಮ್ಮಲ್ಲಿ ಹುಡುಕಿದರೂ ಒಂದು ಸಿಗಲ್ಲ” ಎಂದೆ. “ಇವು ಖಾಡಿಯಿಂದ ಬಂದವೇ ಇರಬೇಕು.”

ಅವನು ನಂಬಿದ. ಖಾಡಿಯ ಕಡೆಯ ಸಂದುಗೊಂದುಗಳಿಗೆಲ್ಲ ತಗಡು ಬಡಿದ. ಮೊಳೆ ಹೊಡೆಯುವಾಗ ತಗಡಿನ ಇನ್ನೊಂದು ತುದಿ ಹಿಡಿದುಕೊಂಡವನು ನಾನೇ. ಆಮೇಲೂ ಕೆಲವು ದಿನ ರಸ್ತೆಯ ಮಗ್ಗುಲಿನಿಂದ ಇಲಿ ಬಿಟ್ಟೆ. ಬೇರೆ ಜಾಗ ನೋಡಬೇಕು ಎಂದುಕೊಳ್ಳುತ್ತಲೇ ಬಿಟ್ಟೆ.

ಕೊಟ್ಟಿಗೆ ತೊಳೆಯುವುದು, ಸೆಗಣಿ ಬಾಚುವುದು ಅವನ ಹೆಂಡತಿಯ ಕೆಲಸ. ಬರಿಗಾಲು, ಹಿಮ್ಮಡಿ ತುಂಬ ಒಡಕು. ಅವಳಿಗೆ ಜ್ವರ ಬಂತು. ಕಣ್ಣು ಹಳದಿಯಾದಾಗ ಕಾಮಾಲೆ ಎಂದುಕೊಂಡು ಮಂತ್ರಿಸಿ ದಾರ ಕಟ್ಟುವವನ ಬಳಿ ಕರೆದೊಯ್ದರು. ಮನೆಗೆ ಬಂದು ನನ್ನ ಹೆಂಡತಿಗೆ ಹೇಳಿದೆ. ಚಟ್ನಿಗೆ ಕಾಯಿ ತುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಮೀನಖಂಡ ನೋವ್ ಅಂಬ್ರಾ?”

“ಹೌದಂಬ್ರ್. ನಡೆಯೂಕೇ ಆತಿಲ್ಲೆ ಅಂಬ್ರ್.”

“ಹ್ವಾಯ್, ಅದ್ ಕಾಮಾಲೆ ಅಲ್ಲ. ಇಲಿ ಜ್ವರ. ನಮ್ಮ್ ಅಪ್ಪಯ್ಯಂಗೆ ಗದ್ದೆ ಕೆಲ್ಸದ್ ಟೈಮಲ್ಲ್ ಹಿಂಗೇ ಬಂದಿತ್ತ್ ಅಲ್ದಾ? ಈಗ್ಳೇ ಹೋಯಿ ಹೇಳಿ ಬನ್ನಿ.”

“ಇಲಿ ನಮ್ದ್ ಅಂದ್ ಹೇಳಿರೆ ಹೋಟ್ಲ್ ಬಾಗ್ಲ್ ಹಾಕ್ಕ್ ಮಾರಾಯ್ತಿ.”

“ಹೆಣ ಬಿದ್ದ್ ಮೇಲ್ ಬಾಗ್ಲ್ ತೆಗ್ದಿಟ್ಕಂಡ್ ಎಂತ ಮಾಡ್ತ್ರಿ? ನೀವ್ ಹೇಳ್ದಿದ್ರೆ ನಾ ಹೋಯಿ ಹೇಳ್ತೆ.”

ಹೋದೆ. ಹೇಳಿದ್ದು ಅರ್ಧ ಮಾತ್ರ. ಇದು ಕಾಮಾಲೆಯಲ್ಲ, ನಮ್ಮೂರಿನಲ್ಲಿ ಇಂಥದ್ದಕ್ಕೆ ಇಲಿ ಜ್ವರ ಎನ್ನುತ್ತಾರೆ, ಕೊಟ್ಟಿಗೆಯಲ್ಲಿ ಇಲಿ ಇದ್ದುದನ್ನು ಆಸ್ಪತ್ರೆಯಲ್ಲಿ ಮೊದಲು ಹೇಳು ಎಂದೆ. ಇಲಿ ಎಲ್ಲಿಂದ ಬಂತು ಎಂಬುದನ್ನು ಹೇಳಲಿಲ್ಲ. ಅವನೂ ಕೇಳಲಿಲ್ಲ, ಹೆಂಡತಿಯನ್ನು ಎತ್ತಿಕೊಂಡು ರಿಕ್ಷಾ ಹತ್ತಿದ.

ಅವಳು ಬದುಕಿದಳು. ಮೂತ್ರ ಕಟ್ಟಿ ಬಹಳ ನರಳಿ ಬದುಕಿದಳು. ಮೊದಲಿನ ಹಾಗೆ ಬಗ್ಗಿ ಕೆಲಸ ಮಾಡಲು ಮತ್ತೆ ಆಗಲಿಲ್ಲ. ಮಗಳು ಶಾಲೆ ಬಿಟ್ಟು ಸೆಗಣಿ ಬಾಚತೊಡಗಿದಳು. ಹಾಲಿಗೆ ಬಂದವರಿಗೆಲ್ಲ ಅವನು ನನ್ನನ್ನು ತೋರಿಸಿ, “ಈ ಅಣ್ಣ ಹೇಳದೆ ಇದ್ದಿದ್ದರೆ ನನ್ನ ಮನೆ ದೀಪ ಆರಿ ಹೋಗ್ತಿತ್ತು” ಎನ್ನುತ್ತಿದ್ದ. ಆ ಹುಡುಗಿ ಪೊರಕೆ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಕ್ಯಾನಿನ ಮುಚ್ಚಳ ಬಿಗಿಮಾಡುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ.

ಇಲಿಗಳನ್ನು ಆಗ ಊರ ಹೊರಗಿನ ಬಯಲಿಗೆ ಒಯ್ಯತೊಡಗಿದ್ದೆ. ಒಂದು ಬೆಳಿಗ್ಗೆ ಸ್ಕೂಟರಿಗೆ ಬೋನು ಇಟ್ಟು ಗೋಣಿ ಮುಚ್ಚುತ್ತಿದ್ದೆ. ಹಾಲಿನವನು ಸೈಕಲ್ ತಳ್ಳಿಕೊಂಡು ಬಂದ. ಈ ಸಲ ಎಮ್ಮೆ ಸುಸೂತ್ರವಾಗಿ ಈದಿತ್ತು. ಗಿಣ್ಣಿನ ಹಾಲನ್ನು ಮೊದಲು ನಮ್ಮ ಮನೆಗೇ ಕೊಡಬೇಕೆಂದು ಹೆಂಡತಿ ಕಳಿಸಿದ್ದಳಂತೆ.

“ಹಿಡಿ ಅಣ್ಣಾ, ಬಿಸಿ ಆರೋ ಮೊದಲು...” ಎಂದವನು ಮಾತು ನಿಲ್ಲಿಸಿದ. ಗೋಣಿಯೊಳಗೆ ತಂತಿ ಕೆರೆದ ಸದ್ದು. ಅವನು ಬಗ್ಗಿ ಗೋಣಿಯ ಅಂಚು ಎತ್ತಿದ. ಒಳಗೆ ದೊಡ್ಡ ಇಲಿ, ಬಾಯಲ್ಲಿ ದೋಸೆಯ ಚೂರು.

“ಇದನ್ನ ಎಲ್ಲಿ ಬಿಡ್ತೀಯ?”

“ಈಗ ಊರ ಹೊರಗೆ” ಎಂದೆ.

‘ಈಗ’ ಎಂದ ಮೇಲೆ ಅವನಿಗೆ ಮತ್ತೇನೂ ಕೇಳುವುದಿರಲಿಲ್ಲ. ಗೋಣಿಯನ್ನು ಇದ್ದ ಹಾಗೆಯೇ ಮುಚ್ಚಿದ. ಗಿಣ್ಣಿನ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದ. ನಡೆದದ್ದು ಕೇಳಿದ ನನ್ನ ಹೆಂಡತಿ ಆ ಗಿಣ್ಣು ಕಾಯಿಸಲಿಲ್ಲ. ಸಂಜೆಗೆ ಹುಳಿ ವಾಸನೆ ಹೊಡೆಯಿತು.

ಮರುದಿನ ಕಾಲೆಳೆಯುತ್ತ ಹಾಲಿಗೆ ಹೋದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಹೊಡೆದರೂ ಹೊಡೆಸಿಕೊಳ್ಳಬೇಕು ಎಂದು ನಿಶ್ಚಯಿಸಿಕೊಂಡೇ ಹೋಗಿದ್ದೆ. ಅವನು ಯಾವತ್ತಿನಂತೆ ಅಳತೆಯ ಮೇಲೆ ಒಂದಿಷ್ಟು ಹೆಚ್ಚಿಗೆ ಹಾಕಿ ಕ್ಯಾನು ನನ್ನ ಮುಂದೆ ಸರಿಸಿದ.

“ತಗೊಳ್ಳಿ ಶೇಠ್” ಎಂದ.

ಸೂರತ್ ಬಿಡುವವರೆಗೂ ಅವನ ಹಾಲೇ ತಂದೆ. ಅಣ್ಣಾ ಎಂದು ಅವನು ಮತ್ತೆ ಕರೆಯಲಿಲ್ಲ. ತಪ್ಪಾಯಿತು ಎಂದು ನಾನೂ ಹೇಳಲಿಲ್ಲ.